ಚೀಟಿಯ ಮೇಲಿನ 6/12: ಮಕ್ಕಳ ಕಣ್ಣಿನ ಅಳತೆ, ಕುಲದ ಲೆಕ್ಕ, ಊರಿನ ಬೆಳಕು

ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ ಒಂದು ಸಂಜೆ ಮಗುವಿನ ಪಾಟಿಚೀಲದಿಂದ ಚೀಟಿಯೊಂದು ಹೊರಬೀಳುತ್ತದೆ: ‘ಬಲಗಣ್ಣು 6/12, ಎಡಗಣ್ಣು 6/9, ಕಣ್ಣಿನ ವೈದ್ಯರಿಗೆ ತೋರಿಸಿ.’ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆಂಬ ನಿಯಮವಿದೆ. ತೂಕ, ಎತ್ತರ, ಹಲ್ಲು ನೋಡಿದಂತೆ ಕಣ್ಣನ್ನೂ ನೋಡುತ್ತಾರೆ. ಚೀಟಿ ಕೈಗೆ ಬಂದ ಕೂಡಲೇ ಮನೆಯಲ್ಲಿ ಏಳುವ ಮಾತು ಎರಡು. ‘ನಮ್ಮ ಕುಟುಂಬದಲ್ಲಿ ಯಾರಿಗೂ ಚಾಳೀಸು ಇಲ್ಲವಲ್ಲ’ ಎಂಬುದು ಅಜ್ಜಿಯದು. ‘ಮೊಬೈಲ್ ನೋಡಿ ನೋಡಿಯೇ ಹೀಗಾಗಿದ್ದು’ ಎಂಬುದು ಅಪ್ಪನದು. ಇಬ್ಬರ ಮಾತಿನಲ್ಲೂ ತುಸು ಸತ್ಯವಿದೆ, ಯಾರದೂ ಪೂರ್ತಿ ಸರಿಯಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಂತೂ ಅಜ್ಜಿಯ ಮಾತನ್ನು ಹಾಗೇ ಬಿಡುವಂತಿಲ್ಲ. ಅಂಕೋಲೆಯ ಹಾಲಕ್ಕಿ ಮಕ್ಕಳು, ಯಲ್ಲಾಪುರ ಹಳಿಯಾಳದ ಸಿದ್ದಿ ಮಕ್ಕಳು, ಜೋಯಿಡಾದ ಕುಣಬಿ ಮಕ್ಕಳು, ಭಟ್ಕಳದ ನವಾಯತ ಮಕ್ಕಳು, ಶಿರಸಿಯ ಹವ್ಯಕ ಮಕ್ಕಳು, ಮುಂಡಗೋಡದ ಟಿಬೆಟಿಯನ್ ಮಕ್ಕಳು, ಕಾರವಾರದ ಕೊಂಕಣಿ ಮಾತಿನ ಮಕ್ಕಳು ಎಲ್ಲ ಇರುವ ಜಿಲ್ಲೆ ಇದು. ಕುಲ ಬೇರೆಯಾದರೆ ಕಣ್ಣಿನ ಅಳತೆಯೂ ಬೇರೆಯೇ? ಜಗತ್ತಿನ ಹಲವೆಡೆ ಇದನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ನೋಡಿದ್ದಾರೆ. ಉತ್ತರ ಅರ್ಥವಾಗಬೇಕಾದರೆ ಮೊದಲು ಕಣ್ಣೊಳಗೆ ಬೆಳಕು ಏನು ಮಾಡುತ್ತದೆಂದು ತಿಳಿಯಬೇಕು.

ಭೂತಗನ್ನಡಿ ಮತ್ತು ಗೋಡೆ

ಹಗಲಲ್ಲಿ ಕಿಟಕಿಯ ಎದುರಿನ ಬಿಳಿ ಗೋಡೆಯ ಹತ್ತಿರ ಭೂತಗನ್ನಡಿ ಹಿಡಿಯಿರಿ. ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ದೂರದಲ್ಲಿ ಕಿಟಕಿಯ ಸರಳು, ಹೊರಗಿನ ತೆಂಗಿನ ಗರಿ ಎಲ್ಲ ತಲೆಕೆಳಗಾಗಿ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡುತ್ತವೆ. ಒಂದು ಬೆರಳಿನಷ್ಟು ಆಚೀಚೆ ಮಾಡಿದರೆ ಮಸುಕು. ಕಣ್ಣಿನ ಕೆಲಸವೂ ಇದೇ. ಮುಂದಿನ ಪಾರದರ್ಶಕ ಹೊದಿಕೆಯಾದ ಕಾರ್ನಿಯಾ, ಅದರ ಹಿಂದಿನ ಲೆನ್ಸ್ ಎರಡೂ ಸೇರಿ ಭೂತಗನ್ನಡಿ; ಹಿಂಬದಿಯ ರೆಟಿನಾ ಗೋಡೆ. ಬೆಳಕನ್ನು ಬಾಗಿಸುವ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್ (ಕನ್ನಡಕದ ನಂಬರನ್ನು ಹೇಳುವುದೂ ಇದೇ ಅಳತೆಯಲ್ಲಿ), ಅದರಲ್ಲಿ ಕಾರ್ನಿಯಾದ ಪಾಲೇ 43ರ ಆಸುಪಾಸು.

ಗೋಡೆ ದೂರ ಸರಿದರೆ, ಅಂದರೆ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾದರೆ, ದೂರದ ಚಿತ್ರ ರೆಟಿನಾಕ್ಕಿಂತ ಮುಂದೆಯೇ ಮೂಡಿಬಿಡುತ್ತದೆ. ಹತ್ತಿರದ್ದು ಸರಿ, ಕರಿಹಲಗೆ ಮಸುಕು. ಇದು ಸಮೀಪದೃಷ್ಟಿ, ಆಡುಮಾತಿನ ಮೈನಸ್ ಪವರ್. ಕಣ್ಣುಗುಡ್ಡೆ ಗಿಡ್ಡವಾದರೆ ಚಿತ್ರ ಬೀಳಬೇಕಾದ ಜಾಗ ರೆಟಿನಾದ ಹಿಂದೆ ಹೋಗುತ್ತದೆ. ಅದು ದೂರದೃಷ್ಟಿ, ಪ್ಲಸ್ ಪವರ್. ಕಾರ್ನಿಯಾ ಚೆಂಡಿನ ಹಾಗೆ ಎಲ್ಲ ದಿಕ್ಕಿಗೂ ಒಂದೇ ಸಮ ದುಂಡಗಿರದೆ, ಚಮಚದ ಬೆನ್ನಿನಂತೆ ಉದ್ದಕ್ಕೊಂದು ಬಾಗು, ಅಡ್ಡಕ್ಕೊಂದು ಬಾಗು ಇದ್ದರೆ ಅಸ್ಟಿಗ್ಮ್ಯಾಟಿಸಂ. ಚೀಟಿಯಲ್ಲಿ ಅದನ್ನು ಸಿಲಿಂಡರ್ ಎಂದು ಬರೆಯುತ್ತಾರೆ. ಮೂರಕ್ಕೂ ಸೇರಿ ವಕ್ರೀಭವನ ದೋಷ ಎಂಬ ಹೆಸರು. ಇದು ಕಣ್ಣಿನ ಕಾಯಿಲೆಯಲ್ಲ, ಅಳತೆಯ ಹೊಂದಾಣಿಕೆ ತಪ್ಪಿದ್ದು.

ಹುಟ್ಟಿದ ಮಗುವಿನ ಕಣ್ಣು ಮುಂದಿನಿಂದ ಹಿಂದಕ್ಕೆ 16ರಿಂದ 17 ಮಿ.ಮೀ. ದೊಡ್ಡವರದು 23ರಿಂದ 24. ಹೆಚ್ಚಿನ ಶಿಶುಗಳು ಪ್ಲಸ್ ಪವರ್ ಹೊತ್ತೇ ಹುಟ್ಟುತ್ತವೆ. ಕಣ್ಣು ಬೆಳೆದಂತೆ ಅದು ಸೊನ್ನೆಯ ಕಡೆ ಇಳಿಯುತ್ತದೆ. ಕಾರ್ನಿಯಾ ಎರಡು ವರ್ಷದ ಹೊತ್ತಿಗೇ ಹೆಚ್ಚುಕಡಿಮೆ ತನ್ನ ಪೂರ್ತಿ ಗಾತ್ರಕ್ಕೆ ಬಂದಿರುತ್ತದೆ, ಉದ್ದ ಮಾತ್ರ ಬೆಳೆಯುತ್ತಲೇ ಇರುತ್ತದೆ. ಈ ಬೆಳವಣಿಗೆ ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದುವರಿದರೆ ಮೈನಸ್ ಬರುತ್ತದೆ. ಒಂದು ಮಿ.ಮೀ. ಹೆಚ್ಚುವರಿ ಉದ್ದ ಎಂದರೆ ಸುಮಾರು ಎರಡೂವರೆ ಡಯಾಪ್ಟರ್ ಮೈನಸ್. ಒಂದು ಅಕ್ಕಿಕಾಳಿನ ದಪ್ಪದಷ್ಟೂ ಇಲ್ಲದ ವ್ಯತ್ಯಾಸಕ್ಕೆ ಕನ್ನಡಕ ಬೀಳುತ್ತದೆ.

6/12 ಎಂಬುದು ಪವರ್ ಅಲ್ಲ

ಚೀಟಿಯ 6/12ಕ್ಕೂ ಕನ್ನಡಕದ ನಂಬರಿಗೂ ನೇರ ಸಂಬಂಧವಿಲ್ಲ. ಸರಿಯಾದ ಕಣ್ಣು 12 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಈ ಮಗು 6 ಮೀಟರಿಗೆ ಬಂದ ಮೇಲಷ್ಟೇ ಓದಿತು ಎಂಬುದು ಅದರ ಅರ್ಥ. ಕಾರಣವನ್ನು ಅದು ಹೇಳುವುದಿಲ್ಲ. ಡಯಾಪ್ಟರ್ ಬೇರೆ ಲೆಕ್ಕ: ಒಂದನ್ನು ಮೀಟರಿನಿಂದ ಭಾಗಿಸಿದ್ದು. ಮೈನಸ್ 1 ಇರುವ ಕಣ್ಣಿಗೆ ಒಂದು ಮೀಟರ್ ತನಕ ಸ್ಪಷ್ಟ, ಮೈನಸ್ 2ಕ್ಕೆ ಅರ್ಧ ಮೀಟರ್, ಮೈನಸ್ 4ಕ್ಕೆ ಬರೀ 25 ಸೆಂ.ಮೀ.

ಶಾಲೆಯಲ್ಲಿ ಪಟ್ಟಿ ಓದಿಸುವಾಗ ತಪ್ಪು ನುಸುಳುವ ದಾರಿಗಳು ಬಹಳ. ಆರು ಮೀಟರ್ ಎಂದರೆ ಸುಮಾರು 20 ಅಡಿ. ಕೋಣೆ ಚಿಕ್ಕದಾಗಿ 15 ಅಡಿಯಿಂದ ಓದಿಸಿದರೆ ಮಸುಕು ಕಣ್ಣೂ ಪಾಸಾಗುತ್ತದೆ. ಜುಲೈ ತಿಂಗಳ ಮೋಡಕ್ಕೆ ಕರೆಂಟೂ ಹೋದ ಕೋಣೆಯಲ್ಲಿ ಒಳ್ಳೆಯ ಕಣ್ಣೂ ಫೇಲಾಗುತ್ತದೆ. ಸಾಲಿನಲ್ಲಿ ನಿಂತ ಮಕ್ಕಳಿಗೆ ಮುಂದಿನವರು ಹೇಳಿದ ಅಕ್ಷರಗಳು ಬಾಯಿಪಾಠ ಆಗಿರುತ್ತವೆ, ಅದಕ್ಕೇ ದಿಕ್ಕು ತೋರಿಸಲು ಹೇಳುವ ಇಂಗ್ಲಿಷ್ ‘E’ ಅಕ್ಷರದ ಪಟ್ಟಿ ವಾಸಿ. ಬೆರಳ ಸಂದಿಯಿಂದ ಇಣುಕುವುದು, ಕಣ್ಣು ಕಿರಿದು ಮಾಡಿ ನೋಡುವುದು ಇನ್ನೆರಡು. ಅಂಗೈಯನ್ನು ಕಣ್ಣಿಗೆ ಒತ್ತಿ ಹಿಡಿದಿದ್ದರೆ ಅದೇ ಕಣ್ಣಿನ ಸರದಿ ಬಂದಾಗ ಸ್ವಲ್ಪ ಹೊತ್ತು ಮಂಜು ಮಂಜಾಗಿಯೇ ಇರುತ್ತದೆ. ಅಂಗೈ ಗುಳಿ ಮಾಡಿ, ಒತ್ತದೆ ಮುಚ್ಚಬೇಕು.

ಒಂದು ಮಿ.ಮೀ. ಆಸುಪಾಸಿನ ತೂತಿರುವ ರಟ್ಟನ್ನು ಕಣ್ಣಿಗೆ ಹಿಡಿದು ಮತ್ತೆ ಓದಿಸುವುದು ಸುಲಭದ ಉಪಾಯ. ತೂತಿನಲ್ಲಿ ಓದು ಸುಧಾರಿಸಿದರೆ ದೋಷ ಅಳತೆಯದ್ದು, ಕನ್ನಡಕದಿಂದ ಸರಿಹೋದೀತು. ಸುಧಾರಿಸದಿದ್ದರೆ ಮಂದಗಣ್ಣೋ (ಮಿದುಳು ಬಳಸದೆ ಕೈಬಿಟ್ಟ ಕಣ್ಣು) ರೆಟಿನಾದ ತೊಂದರೆಯೋ ಇರಬಹುದು, ತಡಮಾಡಬಾರದು.

ಪಟ್ಟಿಗೆ ಸಿಗದ ದೋಷವೂ ಇದೆ. ಪ್ಲಸ್ 3 ಇರುವ ಮಗು ಕಣ್ಣಿನ ಸ್ನಾಯು ಬಿಗಿಹಿಡಿದು 6/6 ಓದಿಬಿಡುತ್ತದೆ. ಪುಸ್ತಕ ಹಿಡಿದು ಹತ್ತು ನಿಮಿಷಕ್ಕೆ ತಲೆನೋವು, ಕಣ್ಣಲ್ಲಿ ನೀರು, ಓದಲು ಬೇಸರ. ‘ಸೋಮಾರಿ’ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳ ನಿಜವಾದ ಕಷ್ಟ ಇದೇ, ಅದನ್ನು ಕೇಳಿಸಿಕೊಳ್ಳಬೇಕು.

ಹನಿ ಹಾಕಿ ಏಕೆ ಅಳೆಯಬೇಕು

ಮಗುವಿನ ಲೆನ್ಸ್ ಮೆತ್ತಗೆ. ಹತ್ತಿರ ನೋಡುವಾಗ ಅದರ ಸುತ್ತಲಿನ ಸ್ನಾಯು ಬಿಗಿಯಾಗಿ ಲೆನ್ಸ್ ಉಬ್ಬುತ್ತದೆ. ಹತ್ತು ವರ್ಷದ ಮಗುವಿಗೆ ಹೀಗೆ ಹತ್ತು ಡಯಾಪ್ಟರಿಗೂ ಹೆಚ್ಚು ಶಕ್ತಿ ಸೇರಿಸಿಕೊಳ್ಳಲು ಬರುತ್ತದೆ. ಅಂಗಡಿಯ ಕಂಪ್ಯೂಟರ್ ತಪಾಸಣೆ, ಅಂದರೆ ಆಟೋರಿಫ್ರ್ಯಾಕ್ಟರ್, ದೂರದ ಬಲೂನಿನ ಚಿತ್ರ ತೋರಿಸಿ ‘ಅದನ್ನೇ ನೋಡು’ ಎನ್ನುತ್ತದೆ. ಚಿತ್ರ ಮೂಗಿನ ಮುಂದಿನ ಪೆಟ್ಟಿಗೆಯೊಳಗಿದೆ ಎಂದು ಮಗುವಿಗೆ ಗೊತ್ತು. ಸ್ನಾಯು ಬಿಗಿಯುತ್ತದೆ, ಯಂತ್ರ ಇಲ್ಲದ ಮೈನಸ್ಸನ್ನು ಮುದ್ರಿಸಿ ಕೊಡುತ್ತದೆ. ನಿಜದಲ್ಲಿ ಪ್ಲಸ್ 1 ಇರುವ ಕಣ್ಣು ಕಾಗದದ ಮೇಲೆ ಮೈನಸ್ 1 ಆಗಿ ಬರುವುದು ಹೀಗೆ. ಆ ಕಾಗದ ಹಿಡಿದು ನೇರ ಕನ್ನಡಕ ಮಾಡಿಸಿದರೆ ಮಗು ದಿನವಿಡೀ ಬೇಡದ ಭಾರ ಹೊರುತ್ತದೆ.

ಅದಕ್ಕೇ ಸ್ನಾಯುವನ್ನು ಸಡಿಲಿಸುವ ಹನಿ. ಶಾಲಾ ವಯಸ್ಸಿನವರಿಗೆ ಸಾಮಾನ್ಯವಾಗಿ ಶೇ. 1ರ ಸೈಕ್ಲೋಪೆಂಟೋಲೇಟ್ ಅಥವಾ ಹೋಮಟ್ರೋಪಿನ್, ತೀರಾ ಚಿಕ್ಕವರಿಗೆ ಮತ್ತು ಮೆಳ್ಳೆಗಣ್ಣು ಇದ್ದವರಿಗೆ ಅಟ್ರೋಪಿನ್ ಮುಲಾಮು. ಸೈಕ್ಲೋಪೆಂಟೋಲೇಟ್ ಒಂದು ಹನಿ, ಐದು ಹತ್ತು ನಿಮಿಷ ಬಿಟ್ಟು ಇನ್ನೊಂದು, ಆಮೇಲೆ ಮುಕ್ಕಾಲು ಗಂಟೆಯಷ್ಟು ಕಾಯಬೇಕು. ಕುಲದ ಪ್ರಶ್ನೆ ಇಲ್ಲಿ ಮೊದಲ ಸಲ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕಪ್ಪು, ಕಂದು ಪಾಪೆಯ ಸುತ್ತಲಿನ ಬಣ್ಣದ ಕಣಗಳು ಔಷಧವನ್ನು ಹಿಡಿದಿಟ್ಟುಕೊಳ್ಳುವುದರಿಂದ ನಮ್ಮ ಮಕ್ಕಳ ಕಣ್ಣಿನಲ್ಲಿ ಹನಿ ನಿಧಾನವಾಗಿ ಹತ್ತುತ್ತದೆ, ನಿಧಾನವಾಗಿ ಇಳಿಯುತ್ತದೆ. ನೀಲಿ ಕಣ್ಣಿನ ಮಕ್ಕಳಿಗೆ ಸಾಕಾಗುವ ಹೊತ್ತು ಇಲ್ಲಿ ಸಾಲದು. ಸಾಲುದ್ದ ಇದೆಯೆಂದು ಇಪ್ಪತ್ತೇ ನಿಮಿಷಕ್ಕೆ ಅಳೆದರೆ ಹನಿ ಹಾಕಿದ್ದೂ ವ್ಯರ್ಥ.

ಅಂದು ಓದಲು ಬರೆಯಲು ಆಗದು, ಬೆಳಕು ಚುಚ್ಚುತ್ತದೆ. ಪರೀಕ್ಷೆಯ ಹಿಂದಿನ ದಿನ ಇಟ್ಟುಕೊಳ್ಳಬೇಡಿ, ಶನಿವಾರ ಅನುಕೂಲ. ಹೋಗುವಾಗ ಟೊಪ್ಪಿಯೋ ಕೊಡೆಯೋ ಇರಲಿ.

ಹನಿ ಹತ್ತಿದ ಮೇಲೆ ರೆಟಿನೋಸ್ಕೋಪ್ ಎಂಬ ಬೆಳಕಿನ ಕಡ್ಡಿ ಆಡಿಸಿ, ಪಾಪೆಯೊಳಗಿನ ಹೊಳಪು ಯಾವ ಕಡೆ ಸರಿಯುತ್ತದೆಂದು ನೋಡಿ ನಂಬರ್ ತೆಗೆಯುತ್ತಾರೆ. ಚೀಟಿಯಲ್ಲಿ ‘-1.50, -1.00, 180’ ಎಂದಿದ್ದರೆ ಮೊದಲನೆಯದು ಗೋಳದ ಪವರ್, ಎರಡನೆಯದು ಸಿಲಿಂಡರ್, ಮೂರನೆಯದು ಸಿಲಿಂಡರ್ ಕೂರಿಸುವ ಕೋನ. ಸಮೀಕ್ಷೆಗಳಲ್ಲಿ ಮೂರನ್ನೂ ಒಂದೇ ಅಂಕಿಗೆ ಇಳಿಸಲು ಸಿಲಿಂಡರಿನ ಅರ್ಧವನ್ನು ಗೋಳಕ್ಕೆ ಕೂಡಿಸುತ್ತಾರೆ. ಈ ಕಣ್ಣಿನ ಲೆಕ್ಕ ಮೈನಸ್ 2. ಹನಿ ಹಾಕಿದ ಮೇಲೆ ಈ ಅಂಕಿ ಮೈನಸ್ 0.50 ಅಥವಾ ಅದಕ್ಕಿಂತ ಹೆಚ್ಚು ಮೈನಸ್ ಬಂದರೆ ಸಮೀಪದೃಷ್ಟಿ ಎಂದು ಎಣಿಕೆ. ಮೈನಸ್ 6 ತಲುಪಿದರೆ ತೀವ್ರ.

ಉದ್ದ ಮತ್ತು ಬಾಗು, ಎರಡೂ ಬೇಕು

ಕಣ್ಣಿನ ಉದ್ದ ಅಳೆಯಲು ಎರಡು ಬಗೆಯ ಯಂತ್ರಗಳಿವೆ. ಶಬ್ದ ತರಂಗ ಕಳಿಸುವ ಎ-ಸ್ಕ್ಯಾನ್‌ನಲ್ಲಿ ಕಡ್ಡಿಯ ತುದಿ ಕಾರ್ನಿಯಾಕ್ಕೆ ತಾಗಬೇಕು. ಕೈ ಸ್ವಲ್ಪ ಒತ್ತಿ 0.1 ಮಿ.ಮೀ. ತಗ್ಗಿದರೂ ಕಾಲು ಡಯಾಪ್ಟರ್ ತಪ್ಪುತ್ತದೆ. ಬೆಳಕಿನಿಂದ ಅಳೆಯುವ ಯಂತ್ರ ಕಣ್ಣನ್ನು ಮುಟ್ಟುವುದೇ ಇಲ್ಲ, ಮಗು ಗಲ್ಲವಿಟ್ಟು ಕೆಂಪು ಚುಕ್ಕೆ ನೋಡಿದರೆ ಸಾಕು. ಮಕ್ಕಳಿಗೆ ಇದೇ ಒಳ್ಳೆಯದು.

ಆದರೆ ಉದ್ದ ಒಂದನ್ನೇ ಹಿಡಿದು ತೀರ್ಮಾನಿಸಿದರೆ ಮೋಸಹೋಗುತ್ತೀರಿ. ಇಬ್ಬರು ಮಕ್ಕಳು, ಇಬ್ಬರ ಕಣ್ಣೂ 24.0 ಮಿ.ಮೀ. ಎಂದಿಟ್ಟುಕೊಳ್ಳಿ. ಒಬ್ಬಳ ಕಾರ್ನಿಯಾ ಚಪ್ಪಟೆ, ಬಾಗಿನ ತ್ರಿಜ್ಯ 8.0 ಮಿ.ಮೀ., ಶಕ್ತಿ ಸುಮಾರು 42.2 ಡಯಾಪ್ಟರ್. ಇನ್ನೊಬ್ಬನದು ಕಡಿದು, 7.5 ಮಿ.ಮೀ., ಶಕ್ತಿ 45. ಉದ್ದ ಒಂದೇ ಆದರೂ ಕಾರ್ನಿಯಾದಲ್ಲೇ ಹತ್ತಿರ ಹತ್ತಿರ ಮೂರು ಡಯಾಪ್ಟರ್ ಅಂತರ. ಅವಳಿಗೆ ಕನ್ನಡಕ ಬೇಡದೆ ಇರಬಹುದು, ಅವನಿಗೆ ದಪ್ಪ ಮೈನಸ್ ಇರಬಹುದು. ಹಾಗಾಗಿ ಉದ್ದವನ್ನು ತ್ರಿಜ್ಯದಿಂದ ಭಾಗಿಸುತ್ತಾರೆ. ಅವಳದು 3.0, ಅವನದು 3.2. ಮೂರನ್ನು ದಾಟಿ ಮೇಲೇರಿದಷ್ಟೂ ಸಮೀಪದೃಷ್ಟಿಯ ಸಂಶಯ ಹೆಚ್ಚು. ಹುಡುಗಿಯರ ಕಣ್ಣು ಸರಾಸರಿಯಲ್ಲಿ ಹುಡುಗರಿಗಿಂತ ಸುಮಾರು ಅರ್ಧ ಮಿ.ಮೀ. ಗಿಡ್ಡ, ಕಾರ್ನಿಯಾ ತುಸು ಕಡಿದು; ಎತ್ತರದ ಮಕ್ಕಳ ಕಣ್ಣು ಉದ್ದ. ಇಷ್ಟನ್ನು ಪಕ್ಕಕ್ಕಿಡದೆ ಎರಡು ಕುಲದ ಮಕ್ಕಳನ್ನು ಹೋಲಿಸಿದರೆ ಎತ್ತರದ ವ್ಯತ್ಯಾಸವನ್ನೇ ಕುಲದ ವ್ಯತ್ಯಾಸವೆಂದು ಬರೆದುಬಿಡುವ ಅಪಾಯವಿದೆ.

ಈಗಿನ ಯಂತ್ರಗಳು ವಯಸ್ಸಿಗೆ ತಕ್ಕ ಉದ್ದದ ಗೆರೆಗಳನ್ನೂ ಮುದ್ರಿಸಿ ಕೊಡುತ್ತವೆ, ಅಂಗನವಾಡಿಯ ತೂಕದ ಕಾರ್ಡಿನ ಹಾಗೆ. ಆ ಗೆರೆ ಯಾವ ಮಕ್ಕಳನ್ನು ಅಳೆದು ಎಳೆದದ್ದು ಎಂದು ಕೇಳಿ. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಮಕ್ಕಳ ಗೆರೆಗೂ ಚೀನಾದ ಮಕ್ಕಳ ಗೆರೆಗೂ ನಡುವೆ ಅಂತರವಿದೆ. ಒಂದೇ ಸಲದ ಅಳತೆಯನ್ನು ಪರದೇಶದ ಗೆರೆಗೆ ಹಿಡಿಯುವುದಕ್ಕಿಂತ ಅದೇ ಮಗುವನ್ನು ಅದೇ ಯಂತ್ರದಲ್ಲಿ ಆರು ತಿಂಗಳಿಗೊಮ್ಮೆ ಅಳೆದು ಎಷ್ಟು ಬೆಳೆಯಿತೆಂದು ನೋಡುವುದು ನಂಬಿಕೆಗೆ ಅರ್ಹ. ಕನ್ನಡಕವಿಲ್ಲದ ಶಾಲಾ ಮಗುವಿನ ಕಣ್ಣು ವರ್ಷಕ್ಕೆ 0.1 ಮಿ.ಮೀ. ಆಸುಪಾಸು ಬೆಳೆಯುತ್ತದೆ, 0.3 ದಾಟಿದರೆ ಮೈನಸ್ ಓಡುತ್ತಿದೆ ಎಂದರ್ಥ.

ಕುಲ ಒಂದೇ, ಊರು ಬೇರೆ

2000ದ ಸುಮಾರಿಗೆ ಹಲವು ದೇಶಗಳಲ್ಲಿ ಒಂದೇ ವಿಧಾನ, ಒಂದೇ ಹನಿ, ಒಂದೇ ವ್ಯಾಖ್ಯೆ ಇಟ್ಟುಕೊಂಡು ಮಕ್ಕಳ ಕಣ್ಣು ಅಳೆದರು. ಹಾಗಾಗಿ ಆ ಅಂಕಿಗಳನ್ನು ಪಕ್ಕಪಕ್ಕ ಇಡಬಹುದು. ಚೀನಾದ ಗುವಾಂಗ್‌ಝೌ ನಗರದಲ್ಲಿ 15 ವರ್ಷದವರಲ್ಲಿ ಶೇ. 78.4 ಮಂದಿಗೆ ಸಮೀಪದೃಷ್ಟಿ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಅದೇ ವಯಸ್ಸಿಗೆ ಶೇ. 9.6. ನಮ್ಮ ದೇಶದಲ್ಲಿ ದೆಹಲಿಯ 5ರಿಂದ 15 ವರ್ಷದವರಲ್ಲಿ ಶೇ. 7.4, ಹಳ್ಳಿಗಾಡಾದ ಮೆಹಬೂಬ್‌ನಗರದ 7ರಿಂದ 15ರವರಲ್ಲಿ ಶೇ. 4.1.

ಒಂದೇ ದೇಶದೊಳಗೂ ಹೀಗೇ. ಇಂಗ್ಲೆಂಡಿನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 10-11 ವರ್ಷದ ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ ಶೇ. 25.2, ಆಫ್ರಿಕಾ ಮತ್ತು ಕೆರಿಬಿಯನ್ ಮೂಲದವರಲ್ಲಿ ಶೇ. 10, ಬಿಳಿಯರಲ್ಲಿ ಶೇ. 3.4. ಇಷ್ಟು ಓದಿದವರು ‘ಎಲ್ಲ ರಕ್ತದಲ್ಲೇ ಬಂದದ್ದು’ ಎನ್ನುತ್ತಾರೆ. ಅಂಥವರು ಮೆಹಬೂಬ್‌ನಗರದ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ಅದೂ ದಕ್ಷಿಣ ಏಷ್ಯಾದ ಮಕ್ಕಳದೇ.

ಇನ್ನೂ ಸ್ಪಷ್ಟ ಹೋಲಿಕೆ ಸಿಂಗಪುರ ಮತ್ತು ಮಲೇಷ್ಯಾದ್ದು. ಅಕ್ಕಪಕ್ಕದ ದೇಶಗಳು, ಎರಡರಲ್ಲೂ ಚೀನೀ, ಮಲಯ, ಭಾರತೀಯ ಮೂಲದವರಿದ್ದಾರೆ. 7ರಿಂದ 9 ವರ್ಷದ ಭಾರತೀಯ ಮೂಲದ ಮಕ್ಕಳಲ್ಲಿ ಮಲೇಷ್ಯಾದಲ್ಲಿ ಶೇ. 12.5ಕ್ಕೆ ಸಮೀಪದೃಷ್ಟಿ ಇದ್ದರೆ ಸಿಂಗಪುರದಲ್ಲಿ ಶೇ. 34.1ಕ್ಕೆ. ಚೀನೀ ಮಕ್ಕಳಲ್ಲಿ 30.9 ಮತ್ತು 40.1, ಮಲಯ ಮಕ್ಕಳಲ್ಲಿ 9.2 ಮತ್ತು 22.1. ಎರಡೂ ಕಡೆ ಚೀನೀ ಮಕ್ಕಳೇ ಮೇಲೆ. ಕುಲದ ಪಾಲು ಅಲ್ಲಿದೆ. ಮೂರೂ ಕುಲದವರಿಗೆ ಸಿಂಗಪುರದಲ್ಲಿ ಹೆಚ್ಚು. ಊರಿನ ಪಾಲು ಇಲ್ಲಿದೆ. ಒಂದೇ ಮರದ ಬೀಜದಡಿಕೆಯಿಂದ ಎಬ್ಬಿಸಿದ ಸಸಿ ಶಿರಸಿಯ ಕಣಿವೆಯ ತೋಟದಲ್ಲಿ ಒಂದು ರೀತಿ, ಬಯಲುಸೀಮೆಯ ಬಿಸಿಲಲ್ಲಿ ಇನ್ನೊಂದು ರೀತಿ ಬೆಳೆಯುವುದನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಊರಿನಲ್ಲಿ ಇರುವುದೇನು? 2008ರ ಇನ್ನೊಂದು ಹೋಲಿಕೆಯಲ್ಲಿ ಸುಳಿವಿದೆ. 6-7 ವರ್ಷದ ಚೀನೀ ಮೂಲದ ಮಕ್ಕಳಲ್ಲಿ ಸಿಂಗಪುರದಲ್ಲಿ ಶೇ. 29.1, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬರೀ ಶೇ. 3.3. ತಂದೆತಾಯಿಗೆ ಸಮೀಪದೃಷ್ಟಿ ಇದ್ದ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಸಮ. ದೊಡ್ಡದಾಗಿ ಎದ್ದು ಕಂಡ ವ್ಯತ್ಯಾಸ ಮನೆಯ ಹೊರಗೆ ಕಳೆಯುವ ಹೊತ್ತಿನದು: ಸಿಡ್ನಿಯಲ್ಲಿ ವಾರಕ್ಕೆ 13.75 ಗಂಟೆ, ಸಿಂಗಪುರದಲ್ಲಿ 3.05. ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಪೀರಿಯಡ್ ಕೊಟ್ಟು ಮೂರು ವರ್ಷ ನೋಡಿದರು. ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇ. 30.4, ಉಳಿದ ಶಾಲೆಗಳಲ್ಲಿ ಶೇ. 39.5.

ತಂದೆತಾಯಿ ಇಬ್ಬರಿಗೂ ಮೈನಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು ಎಂಬುದು ನಿಜ. ಆದರೆ ‘ಜನಾಂಗ’ ಎಂಬ ಕಾಲಂ ಬರೀ ಜೀನನ್ನು ಹಿಡಿಯುವುದಿಲ್ಲ. ಆ ಮನೆಯಲ್ಲಿ ಎಷ್ಟು ಬೇಗ ಅಕ್ಷರ ಕಲಿಸುತ್ತಾರೆ, ಟ್ಯೂಷನ್ ಎಷ್ಟು, ಹೊರಗೆ ಬಿಡುತ್ತಾರೋ ಇಲ್ಲವೋ ಎಲ್ಲ ಅದರೊಳಗೆ ಸೇರಿಕೊಂಡಿರುತ್ತದೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿಯೆಂದು ಯಲ್ಲಾಪುರದ ಸಿದ್ದಿ ಮಗುವಿಗೆ ಡರ್ಬನ್ನಿನ ಅಂಕಿ ಹಚ್ಚುವುದೂ, ಮುಂಡಗೋಡದ ಟಿಬೆಟಿಯನ್ ಮಗುವಿಗೆ ಗುವಾಂಗ್‌ಝೌ ಅಂಕಿ ಹಚ್ಚುವುದೂ ತಪ್ಪು. ಅಂಕಿಗಳು ಗುಂಪಿನ ಸರಾಸರಿ. ಕನ್ನಡಕ ಬೇಕಾಗುವುದು ಒಂದು ಮೂಗಿಗೆ.

ಮಳೆಗಾಲದ ಬೆಳಕು

ಹೊರಗಿನ ಬೆಳಕು ಕಣ್ಣಿನ ಬೆಳವಣಿಗೆಯನ್ನು ಹೇಗೆ ತಡೆಯುತ್ತದೆ? ಪ್ರಖರ ಬೆಳಕಿಗೆ ರೆಟಿನಾದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚು ಒಸರುತ್ತದೆ, ಅದು ಗುಡ್ಡೆ ಉದ್ದವಾಗುವುದಕ್ಕೆ ಕಡಿವಾಣ ಹಾಕುತ್ತದೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಬಿಸಿಲಿನ ಬಯಲಲ್ಲಿ ಹತ್ತಾರು ಸಾವಿರ ಲಕ್ಸ್. ಚಿಕ್ಕ ಕಿಟಕಿಯ ಹೆಂಚಿನ ಕೋಣೆಯಲ್ಲಿ ಟ್ಯೂಬ್‌ಲೈಟ್ ಹಾಕಿದರೂ ಒಂದೆರಡು ನೂರು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಗಾಧ ಅಂತರ ನಮಗೆ ಗೊತ್ತೇ ಆಗುವುದಿಲ್ಲ.

ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಕ್ಕಳು ಒಳಗೇ. ಡೆನ್ಮಾರ್ಕಿನ ಮಕ್ಕಳಲ್ಲಿ ಹಗಲು ಗಿಡ್ಡವಾದ ತಿಂಗಳುಗಳಲ್ಲಿ ಕಣ್ಣು ಬೇಗ ಉದ್ದವಾಗುವುದನ್ನು, ಹಗಲು ಉದ್ದವಾದಾಗ ನಿಧಾನವಾಗುವುದನ್ನು ಅಳೆದಿದ್ದಾರೆ. ಇಲ್ಲಿ ಮೋಡದ ದಿನವೂ ಅಂಗಳದಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಮಳೆ ಬಿಟ್ಟ ಅರ್ಧ ಗಂಟೆ, ಶಾಲೆಯ ತೆರೆದ ಜಗಲಿ, ಕೊಡೆ ಹಿಡಿದು ನಡೆದು ಬರುವ ಹಾದಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಸುಡುಬಿಸಿಲೇ ಬೇಕಿಲ್ಲ, ಮರದ ನೆರಳೂ ಸಾಕು. ದಿನಕ್ಕೆ ಎರಡು ಗಂಟೆ ಗುರಿ. ತೈವಾನಿನ ಶಾಲೆಗಳು 2010ರಿಂದ ಇಷ್ಟೇ ಹೊತ್ತನ್ನು ನಿಯಮ ಮಾಡಿಕೊಂಡವು. ದೃಷ್ಟಿ ತಗ್ಗಿದ ಮಕ್ಕಳ, ಏರುತ್ತಲೇ ಇದ್ದ ಪ್ರಮಾಣ ಅಲ್ಲಿ 2012ರ ಶೇ. 49.4ರಿಂದ 2015ಕ್ಕೆ ಶೇ. 46.1ಕ್ಕೆ ಇಳಿಯಿತು.

ಓದಿನ ದೂರಕ್ಕೂ ಲೆಕ್ಕವಿದೆ. 20 ಸೆಂ.ಮೀ. ದೂರದ ಮೊಬೈಲಿಗೆ ಕಣ್ಣು 5 ಡಯಾಪ್ಟರ್ ದುಡಿಯಬೇಕು, 33 ಸೆಂ.ಮೀ.ಯ ಪುಸ್ತಕಕ್ಕೆ 3. ಗಲ್ಲಕ್ಕೆ ಮುಷ್ಟಿ ಇಟ್ಟರೆ ಪುಸ್ತಕ ಮೊಣಕೈ ತುದಿಯಷ್ಟಾದರೂ ದೂರ ಇರಲಿ, ಅರ್ಧ ಗಂಟೆಗೊಮ್ಮೆ ಎದ್ದು ತೋಟದಾಚೆಗೆ ಕಣ್ಣು ಹಾಯಿಸಲಿ.

ಕನ್ನಡಕ ಬಂದ ಮೇಲೆ

ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬೇಕೆಂದೇ ಕಡಿಮೆ ಪವರ್ ಕೊಡಿಸುವುದರಿಂದಲೂ ಲಾಭವಿಲ್ಲ. ಗಜ್ಜರಿ, ಪಪ್ಪಾಯಿ ಇರುಳುಗಣ್ಣಿಗೆ ಒಳ್ಳೆಯದು, ಉದ್ದವಾದ ಗುಡ್ಡೆಯನ್ನು ಅವು ಗಿಡ್ಡ ಮಾಡವು. ಆಡುವ ಮಕ್ಕಳಿಗೆ ಗಾಜು ಬೇಡ, ಒಡೆಯದ ಪಾಲಿಕಾರ್ಬೊನೇಟ್ ಇರಲಿ. ಮೈನಸ್ ಓಡುತ್ತಿದ್ದರೆ ಅತಿ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ಓಟವನ್ನು ನಿಧಾನಿಸುವ ವಿಶೇಷ ಲೆನ್ಸ್ ಇವೆ, ವೈದ್ಯರೊಡನೆ ಮಾತಾಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದರಲ್ಲಿ ಪ್ಲಸ್ 4 ಇದ್ದರೆ ಮಗುವಿಗೂ ತಿಳಿಯುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ. ಮಿದುಳು ಮಸುಕು ಕಣ್ಣನ್ನು ಕೈಬಿಟ್ಟು ಮಂದಗಣ್ಣಾಗಿಸುತ್ತದೆ. ಏಳೆಂಟು ವರ್ಷದೊಳಗೆ ಸಿಕ್ಕರೆ ಅದನ್ನು ಮರಳಿ ಪಡೆಯುವ ಅವಕಾಶ ಬಹಳ ಹೆಚ್ಚು. ಗೋಡೆಯ ಕ್ಯಾಲೆಂಡರಿನ ಎದುರು ನಿಲ್ಲಿಸಿ ಒಂದೊಂದೇ ಕಣ್ಣು ಮುಚ್ಚಿ ಓದಿಸಿ. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದ ಕೂಡಲೇ ಮಗು ಕೈ ತಳ್ಳಿದರೆ ಅದು ಹಟವಲ್ಲ. ಆ ವಾರವೇ ಶಿರಸಿಯ ಪಂಡಿತ ಆಸ್ಪತ್ರೆಗೋ ಕಾರವಾರದ ಜಿಲ್ಲಾಸ್ಪತ್ರೆಗೋ, ಹತ್ತಿರದ ತಾಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ ಕರೆದೊಯ್ಯಿರಿ. ಶಾಲೆಯ ಚೀಟಿ, ಹಳೆಯ ಕನ್ನಡಕ ಎರಡೂ ಜೊತೆಗಿರಲಿ, ಹನಿ ಹಾಕಿ ಅಳೆದ ತಾರೀಕನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ.